ಅಕಿಗೆ ಗೊತ್ತಿತ್ತೋ, ಇಲ್ಲೋ

ಕಥೆಯೊಳಗಿನ ಹುಡುಗಿ ದುಡುಕಿದರೆ ಬರೆದವರು ಸುಮ್ಮನಿರುತ್ತಾರೆ, ಓದುವವರು ಸುಮ್ಮನಿರುವುದಿಲ್ಲ. ಅದು ದುಡುಕೇ ಅಲ್ಲ, ಅದರ ಹಿಂದೆ ಎಂಥಾ ಲೆಕ್ಕ ಇತ್ತು ಗೊತ್ತೇನು ಎಂದು ಯಾರನ್ನಾದರೂ ಒಪ್ಪಿಸುವ ತನಕ ಅವರಿಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಕಲಬುರಗಿಯ ನಮ್ಮ ಮನೆಯಲ್ಲಿ ಸದ್ಯ ಅಗಾಥಾ ಎಂಬುವಳ ಪರವಾಗಿ ಇಂಥದೇ ವಕಾಲತ್ತು ನಡೆದಿದೆ. ವಕಾಲತ್ತು ವಹಿಸಿದವಳು ಅಣ್ಣನ ಮಗಳು. ಇಂಜಿನಿಯರಿಂಗ್ ಓದುತ್ತಾಳೆ. ತನ್ನ ಸೆಮಿಸ್ಟರ್ ಏನಾದೀತು ಎನ್ನುವುದಕ್ಕಿಂತ ಅಗಾಥಾ ಕೋಟೆಯೊಳಗೆ ಯಾಕೆ ಕಾಲಿಟ್ಟಳು ಎನ್ನುವುದರ ಫಿಕರ್ ಅವಳಿಗೆ ಹೆಚ್ಚು.

ಅಗಾಥಾ ಇರುವುದು ‘ಗರ್ಲ್ ಜೀನಿಯಸ್’ ಎಂಬ ಅಂತರ್ಜಾಲದ ಚಿತ್ರಕಥೆಯಲ್ಲಿ. ಫಿಲ್ ಫೋಗ್ಲಿಯೊ, ಕಾಯಾ ಫೋಗ್ಲಿಯೊ ಎಂಬ ಅಮೆರಿಕದ ಗಂಡಹೆಂಡತಿ ಅದನ್ನು 2001ರಲ್ಲಿ ಅಚ್ಚಿನ ಪುಸ್ತಕವಾಗಿ ಶುರು ಮಾಡಿದರು, 2005ರಲ್ಲಿ ಅಂತರ್ಜಾಲಕ್ಕೆ ತಂದರು. ಸೋಮವಾರ, ಬುಧವಾರ, ಶುಕ್ರವಾರ ಒಂದೊಂದು ಪುಟ. ವಿಜ್ಞಾನದ, ಮಾಯಾಲೋಕದ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯಲ್ಲಿ ಚಿತ್ರಕಥೆಗೆಂದು ಬೇರೆ ವಿಭಾಗ ತೆರೆದದ್ದು 2009ರಲ್ಲಿ. ಆ ವರ್ಷ, ಅದರ ಮುಂದಿನ ವರ್ಷ, ಮತ್ತೂ ಮುಂದಿನ ವರ್ಷ ಅದು ಇವರಿಗೇ ಬಂತು. ಆಮೇಲೆ, ಬರುವ ವರ್ಷಕ್ಕೆ ನಮ್ಮನ್ನು ಬಿಡಿ, ಬೇರೆಯವರನ್ನು ನೋಡಿ ಎಂದು ಅವರೇ ಹಿಂದೆ ಸರಿದರು. ಪ್ರಶಸ್ತಿ ಸಾಕೆಂದವರನ್ನು ನಾನು ಈ ಭಾಗದಲ್ಲಿ ಕಣ್ಣಾರೆ ಕಂಡಿಲ್ಲವಾದ್ದರಿಂದ ಇದನ್ನೂ ಆ ಮಾಯಾಲೋಕದ ಕಥೆಯ ಒಂದು ಪ್ರಸಂಗವೆಂದೇ ಓದಿಕೊಂಡೆ.

ಅಲ್ಲಿಯ ಯುರೋಪು ನಮ್ಮ ಭೂಗೋಳದ ಪುಸ್ತಕದ ಯುರೋಪಲ್ಲ. ಅಲ್ಲಿ ಕೆಲವರಿಗೆ ಹುಟ್ಟಿನಿಂದಲೇ ‘ಸ್ಪಾರ್ಕ್’ ಇರುತ್ತದೆ. ಅದು ಹೊತ್ತಿಕೊಂಡಿತೆಂದರೆ ಅವರಿಗೆ ಹಸಿವಿಲ್ಲ, ನಿದ್ದೆಯಿಲ್ಲ, ಕಟ್ಟುವುದೊಂದೇ. ಕಟ್ಟಿದ್ದು ಬಹಳ ಸಲ ಕಟ್ಟಿದವನನ್ನೇ ಅಟ್ಟಿಸಿಕೊಂಡು ಬರುತ್ತದೆ. ಇಂಥವರನ್ನೆಲ್ಲ ಊರಿನಷ್ಟು ದೊಡ್ಡ ಗಾಳಿಹಡಗಿನಲ್ಲಿ ಕೂತ ಬ್ಯಾರನ್ ಒಬ್ಬ ಹದ್ದುಬಸ್ತಿನಲ್ಲಿ ಇಟ್ಟಿದ್ದಾನೆ. ಅಗಾಥಾ ಅವನ ಆಳ್ವಿಕೆಯ ಒಂದು ವಿಶ್ವವಿದ್ಯಾಲಯದಲ್ಲಿ ಓದುವ ಬಡಪಾಯಿ. ಅವಳು ಮಾಡಿದ ಯಂತ್ರ ಒಂದೂ ನಡೆಯುವುದಿಲ್ಲ, ತಲೆ ಓಡಿಸಲು ಹೋದರೆ ತಲೆನೋವು. ಕೊರಳಲ್ಲಿ ಚಿಕ್ಕಪ್ಪ ಕಟ್ಟಿದ ಲಾಕೆಟ್. ಎಂದೂ ತೆಗೆಯಬೇಡ ಎಂದು ಹೇಳಿ ಹೋದವನು ತಿರುಗಿ ಬಂದಿಲ್ಲ. ಒಂದು ದಿನ ಬೀದಿಯಲ್ಲಿ ಇಬ್ಬರು ಸಿಪಾಯಿಗಳು ಅದನ್ನು ಕಸಿದುಕೊಳ್ಳುತ್ತಾರೆ. ಆ ರಾತ್ರಿ ಹುಡುಗಿ ನಿದ್ದೆಯಲ್ಲೇ ಎದ್ದು, ಕೈಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿ ಒಂದು ಭಾರಿ ಯಂತ್ರ ಕಟ್ಟುತ್ತಾಳೆ, ಅದು ಬೀದಿಗಿಳಿಯುತ್ತದೆ. ಅಂದರೆ ಮಿದುಳನ್ನು ಇಷ್ಟು ವರ್ಷ ಮಂಕು ಮಾಡಿ ಇಟ್ಟಿದ್ದೇ ಆ ಲಾಕೆಟ್.

ಮೊಬೈಲಿನಲ್ಲಿ ಚಿತ್ರ ತೋರಿಸುತ್ತ ಹುಡುಗಿ ಇಲ್ಲಿಯ ತನಕ ಹೇಳಿದ್ದಳೋ ಇಲ್ಲವೋ, ಶೇಂಗಾ ಬಿಡಿಸುತ್ತಿದ್ದ ಅವ್ವ ನಡುವೆ ಬಾಯಿ ಹಾಕಿದಳು.

“ಕೊಳ್ಳಾಗಿಂದು ತಾಯತ ತೆಗೀಬಾರದಿತ್ತು ನೋಡ್ ಅಕಿ.”

“ಆಯಿ, ಅದು ತಾಯತ ಅಲ್ಲ, ಲಾಕೆಟ್. ಅಕಿ ತೆಗ್ದಿಲ್ಲ, ಕಸ್ಕೊಂಡ್ ಓಡಿದ್ರು.”

“ಎರಡೂ ಒಂದೇ ತಂಗಿ. ಕಟ್ಟಿದವ್ರು ಸುಮ್ ಕಟ್ಟಿರ್ತಾರೇನು?”

ಅವ್ವನ ಕೈಯಲ್ಲಿ ಬೆಳೆದವರಿಗೆ ಈ ಮಾತು ಹೊಸದಲ್ಲ. ಕೊರಳಿಗೆ ಬಂದೇನವಾಜರ ದರ್ಗಾದ ತಾಯತ, ಹಣೆಗೆ ಶರಣಬಸಪ್ಪನ ಗುಡಿಯ ವಿಭೂತಿ, ಇವೆರಡರ ನಡುವೆ ಏನಾದರೂ ಸಂದು ಉಳಿದಿದ್ದರೆ ಅದಕ್ಕೆ ಕಾಡಿಗೆಯ ಬೊಟ್ಟು. ಹೀಗಾಗಿ ಅಮೆರಿಕದವರು ಇಷ್ಟು ವರ್ಷ ತಲೆ ಕೆಡಿಸಿಕೊಂಡು ಹೆಣೆದ ಗಂಟು ಅವ್ವನಿಗೆ ಕಾಳಿನಷ್ಟು ಸಲೀಸಾಗಿ ಬಿಚ್ಚಿತು. ಮುಂದೆ ಕಥೆಯಲ್ಲಿ ಅಗಾಥಾಳ ಹೆತ್ತ ತಾಯಿಯ ಮನಸ್ಸನ್ನು ಒಂದು ಯಂತ್ರದ ಮೂಲಕ ಮಗಳ ತಲೆಯೊಳಗೆ ತುಂಬುತ್ತಾರೆ. ಆ ತಾಯಿ ಸಾಮಾನ್ಯದವಳಲ್ಲ. ಹಿಂದೊಮ್ಮೆ ಊರೂರು ಹಾಳು ಮಾಡಿ ಜನರನ್ನು ಗುಲಾಮರನ್ನಾಗಿ ಮಾಡಿದವಳು. ಈಗ ಮಗಳ ಬಾಯಲ್ಲಿ ಮಾತಾಡತೊಡಗುತ್ತಾಳೆ. ಇದನ್ನು ಅರ್ಥ ಮಾಡಿಸಲು ಹುಡುಗಿ ಮೆಮೊರಿ, ಕಾಪಿ, ಡೌನ್‌ಲೋಡ್ ಎಂದೆಲ್ಲ ಒದ್ದಾಡುತ್ತಿದ್ದರೆ ಅವ್ವ, “ಮೈಯಾಗ ಬಂದಾಳನ್ನು,” ಎಂದು ಮುಗಿಸಿದಳು. “ಹೆತ್ತಾಕಿ ಮಗಳ ಮೈಯಾಗ ಬಂದಾಳಂದ್ರ ಏನರ ಆಸಿ ಉಳದಿರ್ಬೇಕು. ಏನ್ ಬೇಕಂತ ಕೇಳ್ಬೇಕು ಅಕಿಗಿ.”

“ಇಡೀ ಯುರೋಪ್ ಬೇಕಂತ ಆಯಿ.”

“ಎವ್ವಾ, ಅಷ್ಟೆಲ್ಲಿಂದ ತರೂದು!”

ತಮಾಷೆಯೆಂದರೆ ಕಥೆಯಲ್ಲಿ ಇದಕ್ಕೆ ಸಿಗುವ ಮದ್ದೂ ಅವ್ವನದೇ. ಲಾಕೆಟ್ ತಿರುಗಿ ಅಗಾಥಾಳ ಕೊರಳಿಗೆ ಬರುತ್ತದೆ, ಈ ಸಲ ತಾಯಿಯನ್ನು ಒಳಗೇ ತಡೆದು ನಿಲ್ಲಿಸಲು. ಮೊದಲು ಯಾರೋ ಕಟ್ಟಿದ್ದನ್ನು ಈಗ ಅವಳೇ ಕಟ್ಟಿಕೊಳ್ಳುತ್ತಾಳೆ.

ಥಿಯರಿಗಳ ವಿಷಯಕ್ಕೆ ಬರುತ್ತೇನೆ. ಹುಡುಗಿ ಮತ್ತವಳ ಗೆಳತಿಯರು ಭಾನುವಾರ ನಮ್ಮ ಮಾಳಿಗೆಯ ಮೇಲೆ ಸೇರುತ್ತಾರೆ. ಅವರಲ್ಲಿ ಪಂಗಡಗಳಿವೆ. ಅಗಾಥಾ ಹುಟ್ಟಿದ ಹೆಟೆರೊಡೈನ್ ಮನೆತನದ ರಕ್ತವೇ ಹಾಗೆ, ಅವಳು ಏನೂ ಆಯ್ಕೆ ಮಾಡುತ್ತಿಲ್ಲ, ರಕ್ತ ಮಾಡಿಸುತ್ತದೆ ಎನ್ನುವವರು ಒಂದು ಕಡೆ. ಲಾಕೆಟ್ ಇದ್ದರೂ ತಾಯಿ ಒಳಗಿನಿಂದ ಸಣ್ಣಗೆ ದಾರ ಎಳೆಯುತ್ತಿದ್ದಾಳೆ, ಆ ಹುಚ್ಚು ಸಾಹಸಗಳೆಲ್ಲ ಅವಳವೇ ಎನ್ನುವವರು ಇನ್ನೊಂದು ಕಡೆ. ಎಲ್ಲಕ್ಕಿಂತ ದೊಡ್ಡ ಪಂಗಡ ಮಾತ್ರ ‘ಎಲ್ಲಾ ಪ್ಲಾನ್’ ಪಂಗಡ. ಅದರ ಮುಂದಾಳು ನಮ್ಮ ಮನೆಯವಳೇ. ಅವರ ಪ್ರಕಾರ ಅಗಾಥಾ ಇಟ್ಟ ಪ್ರತಿ ಹೆಜ್ಜೆಯೂ ಮೊದಲೇ ಅಳೆದದ್ದು. ಅವಳ ಪೂರ್ವಜರ ಕೋಟೆಯುಂಟಲ್ಲ, ಅದಕ್ಕೆ ತನ್ನದೇ ಬುದ್ಧಿ, ತನ್ನದೇ ಬಾಯಿ. ಒಮ್ಮೆ ಪೆಟ್ಟು ತಿಂದು ತಲೆ ಕೆಟ್ಟಿದೆ. ಒಳಗೆ ಹೋದವರನ್ನು ನುಜ್ಜುಗುಜ್ಜು ಮಾಡಿ ನಗುತ್ತದೆ. ರಿಪೇರಿಗೆಂದು ಕೈದಿಗಳನ್ನು ಕಳಿಸುತ್ತಾರೆಂದರೆ ಅದು ಎಂಥ ಜಾಗವೆಂದು ತಿಳಿದುಕೊಳ್ಳಿ. ಅಗಾಥಾ ತಾನಾಗಿ ಅದರೊಳಗೆ ಹೋಗುತ್ತಾಳೆ, ನಾನೇ ವಾರಸುದಾರಳು ಎಂದು. ಪ್ಲಾನ್ ಪಂಗಡದವರು ಇದಕ್ಕೆ ನಕಾಶೆ ತೆಗೆದಿದ್ದಾರೆ. ಯಾವ ಪುಟದಲ್ಲಿ ಅವಳ ಕಣ್ಣು ಯಾವ ಹಲ್ಲುಗಾಲಿಯ ಕಡೆ ಇತ್ತು, ಹಿಂದಿನ ಸಂಪುಟದಲ್ಲಿ ಯಾರು ಅವಳಿಗೆ ಏನು ಅಂದಿದ್ದರು, ಎಲ್ಲಾ ಸಾಕ್ಷಿ ಸಮೇತ.

ಸಾಕ್ಷಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಕೇಳುತ್ತ ನನಗೆ ನೆನಪಾಗುವುದು ಶ್ರಾವಣದ ಪುರಾಣ. ನಮ್ಮ ಕಡೆ ಮಠಗಳಲ್ಲಿ ತಿಂಗಳುಗಟ್ಟಲೆ ರಾತ್ರಿ ಪುರಾಣ ಹೇಳುತ್ತಾರೆ. ಧರ್ಮರಾಯ ಪಗಡೆಗೆ ಕೂಡುವ ಹೊತ್ತಿಗೆ ಸರಿಯಾಗಿ ಶಾಸ್ತ್ರಿಗಳು ಮಂಗಳ ಹಾಡಿಬಿಡುತ್ತಾರೆ. ಮನೆಗೆ ಹೋಗುವ ದಾರಿಯಲ್ಲಿ ಜನ ಅದನ್ನೇ ಮಾತಾಡುತ್ತಿದ್ದರು: ಅಷ್ಟು ತಿಳಿದವನು ಯಾಕೆ ಕೂತ? ಒಂದು ಸಲ ಸೋತವನು ಎರಡನೇ ಸಲ ಯಾಕೆ ಕೂತ? ಕಥೆಯ ಕೊನೆ ಎಲ್ಲರಿಗೂ ಗೊತ್ತು, ಆದರೂ ಜಗಳ. ಕೊನೆಗೆ ಯಾರಾದರೂ ಹಿರಿಯರು “ಅವನ ಹಣ್ಯಾಗ ಬರದಿತ್ತಪ” ಎಂದರೆ ಜಗಳ ಅಲ್ಲಿಗೆ ನಿಲ್ಲುತ್ತಿತ್ತು. ಈಗಿನ ಹುಡುಗರಿಗೆ ಹಣೆಬರಹ ಬೇಡ. ಅದು ಎದ್ದು ಹೋದ ಜಾಗದಲ್ಲಿ ಪ್ಲಾನ್ ಬಂದು ಕೂತಿದೆ. ಹಣೆಬರಹವೇ ಇರಲಿ, ರಕ್ತವೇ ಇರಲಿ, ಪ್ಲಾನೇ ಇರಲಿ, ಮೂರಕ್ಕೂ ಬೇಕಾಗಿರುವುದು ಒಂದೇ: ಆ ಗಳಿಗೆಯಲ್ಲಿ ಆ ಮನುಷ್ಯನ ಮುಂದೆ ಎರಡು ದಾರಿ ಇದ್ದವು, ಯಾವುದು ಎಲ್ಲಿಗೆ ಹೋಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ ಎನ್ನುವುದನ್ನು ಹೇಗಾದರೂ ಅಳಿಸಿ ಹಾಕುವುದು.

ಹಿಂಗ್ಯಾಕೆ ಅನ್ನುತ್ತೇನೆಂದರೆ, ಅಣ್ಣನದು ಗಂಜ್ ಕಡೆ ಮೋಟರ್ ರಿವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಸುತ್ತಲ ಹಳ್ಳಿಗಳಿಂದ ಸುಟ್ಟ ಸಬ್‌ಮರ್ಸಿಬಲ್ ಮೋಟರುಗಳು ಬಂದು ಬಾಗಿಲ ತನಕ ಮಲಗಿರುತ್ತವೆ. ತಾಮ್ರದ ತಂತಿ, ವಾರ್ನಿಶ್ ವಾಸನೆ, ಗೋಡೆಗೆ ನೇತು ಹಾಕಿದ ಸೀರೀಸ್ ಬಲ್ಬು. ಅಲ್ಲಿ ಕೆಲಸ ಕಲಿಯುವ ಹುಡುಗನೊಬ್ಬ ಇದ್ದಾನೆ, ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ. ಪ್ಲಗ್ಗಿಲ್ಲದ ವೈರಿನ ತುದಿ ಸುಲಿದು ಸಾಕೆಟ್ಟಿನ ತೂತಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಗಿಸುತ್ತಾನೆ. ಅಣ್ಣ ದಿನಾ ಬೈಯುತ್ತಾನೆ, ತಾನೂ ಹಾಗೇ ಕಲಿತವನು ಎನ್ನುವುದನ್ನು ಬಚ್ಚಿಡುತ್ತಾನೆ. ಆ ಹುಡುಗ ಒಮ್ಮೆ ಎರಡು ಹಳೇ ಮೋಟರುಗಳ ಅಂಗಾಂಗ ಬೆರೆಸಿ ಒಂದು ಕಡಲೆ ಒಡೆಯುವ ಯಂತ್ರ ಮಾಡಿದ. ಮೇನ್ ಹಾಕಿದ ಕೂಡಲೇ ಅದು ನೆಲದ ಶಹಾಬಾದಿ ಫರಶಿಯ ಮೇಲೆ ಕುಣಿಯುತ್ತ ರಸ್ತೆಯ ಕಡೆ ಹೊರಟಿತು. ಹಿಡಿದು ನಿಲ್ಲಿಸಿದ ಮೇಲೆ ಅಣ್ಣ ಕೇಳಿದ, “ಹಿಂಗಾಗ್ತದಂತ ಗೊತ್ತಿತ್ತೇನಲೇ ನಿನಗ?” ಹುಡುಗ ಅಂದ: “ಇಲ್ರಿ. ನೋಡಬೇಕಿತ್ರಿ.”

ಅಗಾಥಾಳ ಬಗ್ಗೆ ಮಾಳಿಗೆಯ ಮೇಲೆ ಹುಟ್ಟಿದ ಎಲ್ಲಾ ಥಿಯರಿಗಳಿಗಿಂತ ನನಗೆ ಈ ‘ನೋಡಬೇಕಿತ್ರಿ’ ಹೆಚ್ಚು ಹಿಡಿಸಿತು. ಕೆಲಸ ಮಾಡುವಾಗ ಅವಳು ಗುನುಗುತ್ತಾಳೆ. ಗುನುಗಿದಾಗ ಸುತ್ತಲಿನ ಗದ್ದಲ ಕಳೆದು ತಲೆ ತಿಳಿಯಾಗುತ್ತದೆ. ಅಂಗಡಿಯ ಹುಡುಗನೂ ಕಾಯಿಲ್ ಸುತ್ತುವಾಗ ಗುನುಗುತ್ತಾನೆ. ಗುನುಗುವವರ ಕೈಯಲ್ಲಿ ಪ್ಲಾನ್ ಇರುತ್ತದೆಂದು ನನಗೆ ಅನಿಸಿಲ್ಲ, ಕೈ ಮುಂದೆ ಹೋಗುತ್ತಿರುತ್ತದೆ, ಪ್ಲಾನ್ ಹಿಂದಿನಿಂದ ಏದುಸಿರು ಬಿಡುತ್ತ ಬರುತ್ತಿರುತ್ತದೆ.

ಅಣ್ಣನಿಗೆ ಚಿತ್ರಕಥೆ ಓದುವ ಪುರುಸೊತ್ತಿಲ್ಲ, ಅಭಿಪ್ರಾಯಕ್ಕೆ ಮಾತ್ರ ಬರವಿಲ್ಲ. ಕಥೆಯಲ್ಲಿ ಟಾರ್ವೆಕ್ ಎಂಬ ರಾಜಕುಮಾರ ಸಾಯಲು ಬಿದ್ದಿರುತ್ತಾನೆ. ಅವನನ್ನು ಉಳಿಸಲು ಅಗಾಥಾ ತನ್ನನ್ನೂ, ಬ್ಯಾರನ್ನನ ಮಗ ಗಿಲ್‌ನನ್ನೂ, ಅವನನ್ನೂ ಒಂದೇ ಯಂತ್ರಕ್ಕೆ ಜೋಡಿಸುತ್ತಾಳೆ. ಮೂವರ ಜೀವ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಇಬ್ಬರು ಹುಡುಗರಿಗೂ ಅವಳ ಮೇಲೆ ಮನಸ್ಸು, ಒಬ್ಬರನ್ನೊಬ್ಬರು ಕಂಡರೆ ಆಗದು. ಮಾಳಿಗೆಯಲ್ಲಿ ಈ ಪ್ರಸಂಗಕ್ಕೆ ಹೆಚ್ಚು ಹೊತ್ತು ಹಿಡಿಯಿತು, ಯಾಕೆಂದು ಹೇಳಬೇಕಾಗಿಲ್ಲ. ಊಟಕ್ಕೆ ಕೂತಾಗ ಅಣ್ಣ ಪೂರಾ ಕೇಳಿಸಿಕೊಂಡು ಅಂದದ್ದಿಷ್ಟು: “ಮೂರ್ ಫೇಸ್ ಕೂಡಿಸ್ಯಾಳ. ನಡುವ ಒಂದ್ ಫೇಸ್ ಹೋಯ್ತಂದ್ರ ಮೋಟರ್ ಸುಟ್ಟು ಬೂದಿ. ಫೇಸ್ ಹೋದ್ರ ಕರೆಂಟ್ ಕಡಿಯೂ ಪ್ರಿವೆಂಟರ್ ಹಾಕಿದ್ಳೇನು ಅಕಿ, ಕೇಳು.” ಇದನ್ನು ಥಿಯರಿಯೆಂದು ದಾಖಲಿಸಿಕೊಳ್ಳಲಾಗಿದೆ.

ಬೀದರಿಗೆ ಹೋದಾಗ ಹುಡುಗಿಯನ್ನು ಬಿದರಿ ಕೆಲಸದವರ ಗಲ್ಲಿಗೆ ಕರೆದುಕೊಂಡು ಹೋಗಿದ್ದೆ. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿಕೊಂಡು, ಉಳಿಯಿಂದ ಬಳ್ಳಿ ಹೂವು ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿ ಬಡಿದು ಕೂಡಿಸುತ್ತಾರೆ. ಉಜ್ಜಿ ನಯ ಮಾಡಿದ ಮೇಲೆ ಬೆಳ್ಳಿಯೂ ಸತುವೂ ಒಂದೇ ಬಣ್ಣವಾಗಿ, ಪಟ್ಟ ಶ್ರಮವೆಲ್ಲ ಮಾಯವಾದಂತೆ ಕಾಣುತ್ತದೆ. ಆಗ ಕೋಟೆಯ ಹಳೇ ಮಣ್ಣಿಗೆ ನವಸಾಗರ ಕೂಡಿಸಿದ ರಾಡಿಯನ್ನು ಬಿಸಿ ಪಾತ್ರೆಗೆ ತಿಕ್ಕುತ್ತಾರೆ. ಮೈಯೆಲ್ಲ ಕಾಡಿಗೆಯಷ್ಟು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯಿದೆಯೋ ಇಲ್ಲವೋ ಎಂದು ಕೆಲಸದವರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಬಿಸಿಲು ಮಳೆ ಕಾಣದ ಮಣ್ಣಿನಲ್ಲಿ ಸೋರುಪ್ಪು ಇರುತ್ತದೆ, ಅದರಿಂದ ಹೀಗೆ ಎಂದು ರಸಾಯನಶಾಸ್ತ್ರದವರು ವಿವರಿಸಿದ್ದು ಬಹಳ ಆಮೇಲೆ. 2006ರಲ್ಲಿ ಬಿದರಿಗೆ ಬಂದ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಅದಕ್ಕೂ ಆಮೇಲೆ.

ನನ್ನ ಪ್ರಶ್ನೆ ಮೊದಲನೆಯವನ ಬಗ್ಗೆ. ಅಷ್ಟು ದಿನ ಕೂತು ಕೊರೆದು, ಬೆಳ್ಳಿ ಖರ್ಚು ಮಾಡಿ, ಮುಗಿದ ಹೂಜಿಗೆ ಕೋಟೆಯ ರಾಡಿ ಬಳಿದ ಆ ಮೊದಲ ಪುಣ್ಯಾತ್ಮ ಏನೆಂದುಕೊಂಡು ಬಳಿದ? ಹುಡುಗಿಗೆ ಉತ್ತರ ತಯಾರಿತ್ತು: ಕೈ ಜಾರಿ ಮಣ್ಣಿಗೆ ಬಿದ್ದಿರಬೇಕು. ತಿರುಗಿ ಬರುವ ಬಸ್ಸು ಹುಮನಾಬಾದ್ ಮುಟ್ಟುವುದರೊಳಗೆ ಅದಕ್ಕೆ ಒಬ್ಬ ವೈರಿ, ಒಬ್ಬ ಕಳ್ಳ, ಮಣ್ಣಲ್ಲಿ ಹೂಜಿ ಹೂತಿಟ್ಟ ಒಂದು ರಾತ್ರಿ ಸೇರಿಕೊಂಡವು. ಬೇಕೆಂದೇ ಬಳಿದ, ಕೆಟ್ಟರೆ ಕೆಡಲಿ ಅಂದ ಎನ್ನುವುದನ್ನು ಮಾತ್ರ ಅವಳು ಒಪ್ಪಲಿಲ್ಲ. “ಅಷ್ಟ್ ಹುಚ್ಚ ಯಾರ್ ಇರ್ತಾರ ಕಾಕಾ?” ಎಂದಳು. ಇರುತ್ತಾರೆ. ಅವರ ಮೇಲೆಯೇ ನೀನು ರಾತ್ರಿಯೆಲ್ಲ ಓದುತ್ತೀಯಲ್ಲ ಎಂದೆ.

ಅಗಾಥಾಳನ್ನು ಪ್ರೀತಿಸುವವರೇ ಅವಳಿಗೆ ಪ್ಲಾನ್ ಹೊರಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಕೊರಳಿನದು ಹೋಗಿ ಈಗಷ್ಟೇ ತಲೆ ಬಿಡುಗಡೆಯಾದ ಹುಡುಗಿ. ಓದುಗರು ಪುಟಕ್ಕೊಂದರಂತೆ ಹೊಸ ಲಾಕೆಟ್ ಹಿಡಿದು ನಿಂತಿದ್ದಾರೆ: ನೀನು ದುಡುಕುವವಳಲ್ಲ, ನಿನಗೆಲ್ಲ ಮೊದಲೇ ಗೊತ್ತು, ನಿನಗೇನೂ ಆಗುವುದಿಲ್ಲ. ಆಗಬಹುದಿತ್ತು, ಆದರೂ ಹೋದಳು ಎನ್ನುವುದಲ್ಲವೇ ಕಥೆ?

ಇಷ್ಟೆಲ್ಲ ಹೇಳಿ ನನ್ನದೂ ಒಂದು ಥಿಯರಿ ಇಟ್ಟೆ. ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಅಪಾಯದ ಯಂತ್ರ ಕೋಟೆಯಲ್ಲ, ಗಾಳಿಹಡಗಲ್ಲ, ಆ ಲಾಕೆಟ್ಟೇ. ಅದನ್ನು ಮಾಡಿದ ಚಿಕ್ಕಪ್ಪನೂ ಸ್ಪಾರ್ಕ್ ಇದ್ದವನೇ. ಒಂದು ಕೂಸಿನ ಮಿದುಳಿನ ಮೇಲೆ, ಕೂಸನ್ನು ಕೇಳದೆ, ಏನಾದೀತೆಂದು ತಿಳಿಯದೆ ಪ್ರಯೋಗ ಮಾಡಿದವನು ಅವನು. ಹಾಗಿದ್ದರೂ ಅವನ ದುಡುಕಿನ ಬಗ್ಗೆ ಯಾರೂ ನಕಾಶೆ ತೆಗೆದಿಲ್ಲ. ದೊಡ್ಡವರು ಮಾಡಿದರೆ ಅದು ಕಾಳಜಿ.

“ಕಾಕಾ, ಇದನ್ನ ನಾ ಹುಟ್ಟೂದಕ್ಕಿಂತ ಮೊದ್ಲೇ ಯಾರರ ಹೇಳಿರ್ತಾರ,” ಎಂದಳು ಹುಡುಗಿ, ಮೊಬೈಲಿನಿಂದ ಕಣ್ಣೆತ್ತದೆ.

ಅವ್ವನಿಗೆ ಮಾತ್ರ ಚಿಕ್ಕಪ್ಪನ ಸಂಗತಿ ಹಿಡಿಯಿತು. “ಹೌದಲ್ಲ, ಕಟ್ಟಿದಂವ ಎಲ್ಲಿ? ಅಂವಗ ಕರೀರಿ ಮೊದ್ಲು. ಕೂಸಿನ ಕೊಳ್ಳಿಗಿ ಕಟ್ಟಿ ಎಲ್ಲಿಗ್ಹೋದ ಅಂವ?”

“ಗೊತ್ತಿಲ್ಲ ಆಯಿ. ನಾ ಓದಿದ ತನಕ ಬಂದಿಲ್ಲ.”

“ಯಾಕ ಬಂದಿಲ್ಲ?”

“ಅದಕ್ಕ ನಾಕ್ ಥಿಯರಿ ಅವ,” ಎಂದು ಹುಡುಗಿ ಶೇಂಗಾದ ಬುಟ್ಟಿ ಅತ್ತ ಸರಿಸಿ, ಚಕ್ಕಳಮಕ್ಕಳ ಹಾಕಿ ಅವ್ವನ ಎದುರು ಕೂತಳು.