ಜಪ್ತಿಯಾದ ಡಬ್ಬಿ ಮೀನು ಆಮೇಲೆ ಏನಾಯಿತು?

ಕೆಟ್ಟ ಮಾಲು ಜಪ್ತಿಯಾದರೆ ಮರುದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ಆಮೇಲೆ ಲ್ಯಾಬ್ ಏನು ಹೇಳಿತು, ದಂಡ ಬಿತ್ತಾ, ಮಾಲು ಎಲ್ಲಿ ಹೋಯಿತು, ಒಂದು ಸಾಲೂ ಬರುವುದಿಲ್ಲ. ನನ್ನ ತಕರಾರು ಇದೇ.

ನಮ್ಮ ಬೆಳಗಾವಿಗೆ ಗೋವಾ, ಕಾರವಾರದ ಹಸಿ ಮೀನು ಬರುತ್ತದೆ. ಬಾಂಗಡೆ ಕೊಳ್ಳುವವರು ಕಿವಿರು ಎತ್ತಿ ಕೆಂಪಗಿದೆಯಾ ನೋಡುತ್ತಾರೆ, ಬೆರಳಿನಿಂದ ಒತ್ತುತ್ತಾರೆ, ಮೂಸುತ್ತಾರೆ. ಡಬ್ಬಿಯೊಳಗಿನ ಮೀನಿಗೆ ಇದ್ಯಾವುದೂ ನಡೆಯುವುದಿಲ್ಲ. ಮೊನ್ನೆ ಇಲ್ಲಿಯ ಒಂದು ಅಂಗಡಿಯಲ್ಲಿ ಅರ್ಧ ರೇಟಿಗೆ ಇಟ್ಟಿದ್ದ ಟ್ಯೂನಾ ಡಬ್ಬಿ ಎತ್ತಿಕೊಂಡೆ. ಮುಚ್ಚಳ ಉಬ್ಬಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಟಕ್ ಅಂತ ಒಳಗೆ ಹೋಗಿ, ಆ ಕಡೆಯ ತಳ ಹೊರಗೆ ಬಂತು. ಅಂಗಡಿ ಹುಡುಗ, "ಅಕ್ಕಾರ, ತಾರೀಖ ನೋಡ್ರಿ, ಇನ್ನೂ ಟೈಮ್ ಐತಿ" ಅಂದ.

ತಾರೀಖು ಇದ್ದರೆ ಆಯಿತೇ? ಡಬ್ಬಿ ಉಬ್ಬಿದರೆ ಒಳಗೆ ರೋಗಾಣು ಬೆಳೆದು ಗ್ಯಾಸ್ ಆಗಿರಬಹುದು. ಗಾಳಿಯಿಲ್ಲದ ಕಡೆಯೇ ಬೆಳೆದು ವಿಷ ಉಗುಳುವ ರೋಗಾಣು ಬೊಟುಲಿನಮ್‌ನ ಬೀಜಕಣ ಬರೀ ಕುದಿಸಿದರೆ ಸಾಯುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಒತ್ತಡ ಹಾಕಿ ಸುಮಾರು 121 ಡಿಗ್ರಿವರೆಗೆ ಕಾಯಿಸುತ್ತಾರೆ. ಇನ್ನು ಡಬ್ಬಿಗೆ ತುಂಬುವ ಮೊದಲೇ ಐಸ್ ಇಲ್ಲದೆ ಕೆಟ್ಟ ಬಾಂಗಡೆ, ಟ್ಯೂನಾದಲ್ಲಿ ಹಿಸ್ಟಮಿನ್ ಅನ್ನುವ ವಿಷ ಆಗಿದ್ದರೆ ಅದು ಆ ಶಾಖಕ್ಕೂ ಹೋಗುವುದಿಲ್ಲ. ಡಬ್ಬಿ ಮಾತ್ರ ನೋಡಲು ಚೆನ್ನಾಗಿಯೇ ಇರುತ್ತದೆ. ತಿಂದವರಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ; ಅಲರ್ಜಿ ಇರಬೇಕು ಅಂತ ಸುಮ್ಮನಾಗಿಬಿಡುತ್ತಾರೆ. ಇದನ್ನು ಖಚಿತವಾಗಿ ಹೇಳಬೇಕಾದರೆ ಲ್ಯಾಬೇ ಬೇಕು.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 38ನೇ ಕಲಂ ಅಧಿಕಾರಿಗೆ ಜಪ್ತಿ ಮಾಡುವ ಅಧಿಕಾರ ಕೊಟ್ಟಿದೆ. ಅದೇ ಕಲಂನಲ್ಲಿ, ಸ್ಯಾಂಪಲ್ ತೆಗೆದುಕೊಂಡು, ಬಾಂಡ್ ಬರೆಸಿಕೊಂಡು, ಮಾಲನ್ನು ಅಂಗಡಿಯವರ ವಶದಲ್ಲೇ ಬಿಡಲೂ ಅವಕಾಶ ಇದೆ! ಲ್ಯಾಬ್ ವರದಿ 14 ದಿನದೊಳಗೆ ಬರಬೇಕು. ವಿಭಾಗೀಯ ಆಹಾರ ಪ್ರಯೋಗಾಲಯ ನಮ್ಮೂರಲ್ಲೇ ಇದೆ. ಹಾಗಿದ್ದ ಮೇಲೆ ಬ್ರ್ಯಾಂಡ್, ಬ್ಯಾಚ್ ನಂಬರ್, ವರದಿ, ಮಾಲು ನಾಶ ಮಾಡಿದ ದಿನ, ಇಷ್ಟನ್ನು ಕನ್ನಡದಲ್ಲಿ ಜಿಲ್ಲಾಡಳಿತದ ವೆಬ್‌ಸೈಟಿಗೆ ಹಾಕಲು ಏನು ಅಡ್ಡಿ? ಅದೇ ಬ್ಯಾಚಿನ ಡಬ್ಬಿ ಗೋಕಾಕದಲ್ಲೋ ಅಥಣಿಯಲ್ಲೋ ಯಾರ ಮನೆಯ ಕಪಾಟಿನಲ್ಲಿದೆಯೋ, ಅವರಿಗೆ ಗೊತ್ತಾಗುವುದು ಹೇಗೆ?

ಅಮೆರಿಕದಲ್ಲಿ 1906ರ ಆಹಾರ ಕಾಯ್ದೆ ಬಂದಾಗ, ಕೊಳೆತ ಸಾಲ್ಮನ್ ಡಬ್ಬಿ ಸಿಕ್ಕರೆ ಸರ್ಕಾರ ಆ ಪೆಟ್ಟಿಗೆಗಳ ಮೇಲೆಯೇ ಕೇಸು ಹಾಕುತ್ತಿತ್ತು. ತೀರ್ಪನ್ನು ಪ್ರಕಟಿಸಬೇಕು ಅಂತ ಕಾಯ್ದೆಯಲ್ಲೇ ಬರೆದಿತ್ತು. ಯಾರ ಮಾಲು, ಎಲ್ಲಿಂದ ಎಲ್ಲಿಗೆ ಹೊರಟಿತ್ತು, ಕೊನೆಗೆ ಏನು ಮಾಡಿದರು, ಎಲ್ಲ ಅಚ್ಚಾಗುತ್ತಿತ್ತು. ನೂರು ವರ್ಷದ ಹಿಂದೆ ಅಚ್ಚಿನ ಮೊಳೆ ಜೋಡಿಸಿ ಮಾಡಿದ ಕೆಲಸ ಇದು.

ಗೆಳೆಯರೇ, ಉಬ್ಬಿದ ಡಬ್ಬಿ ಸಿಕ್ಕರೆ ತೆರೆಯಬೇಡಿ, ರುಚಿ ನೋಡಲೇಬೇಡಿ. ಬ್ಯಾಚ್ ನಂಬರ್ ಸಮೇತ ಫೋಟೊ ತೆಗೆದು, ಸರ್ಕಾರದ ಆಹಾರ ದೂರಿನ ಆ್ಯಪ್ ಫುಡ್ ಸೇಫ್ಟಿ ಕನೆಕ್ಟ್‌ನಲ್ಲಿ ದೂರು ಹಾಕಿ. ಕೊಳ್ಳುವಾಗಲೇ ಅನುಮಾನ ಬಂದರೆ ನಮ್ಮ 2006ರ ಕಾಯ್ದೆಯ 40ನೇ ಕಲಂ ಇದೆ: "ಇದನ್ನ ಟೆಸ್ಟಿಗೆ ಕೊಡತೀನ್ರಿ" ಅಂತ ಅಂಗಡಿಯವರಿಗೆ ಅಲ್ಲೇ ಹೇಳಿ, ಫೀ ಕಟ್ಟಿ ನೀವೇ ಪರೀಕ್ಷೆ ಮಾಡಿಸಬಹುದು. ಮಾಲು ಕಾಯ್ದೆಗೆ ವಿರುದ್ಧ ಅಂತ ವರದಿ ಬಂದರೆ ಆ ಫೀ ವಾಪಸ್ ಸಿಗುತ್ತದೆ.