ಮಾಳಿಗೆ ಮೇಲಿನ ಹಡಗು

"ಮಾಮಾ, ಖೋಲಿ ಯಾವುದು ಬೇಕು ನೀವೇ ಹೇಳ್ರಿ. ರೊಕ್ಕದ ಚಿಂತಿ ಮಾಡಬ್ಯಾಡ್ರಿ" ಅಂತ ನಮ್ಮಕ್ಕನ ಮಗ ಡಲ್ಲಾಸಿನಿಂದ ಫೋನ್ ಮಾಡಿದಾಗ ನಾನು ಕೂಲರಿಗೆ ನೀರು ಸುರಿಯುತ್ತಿದ್ದೆ. ಮೇ ತಿಂಗಳ ಕಲಬುರಗಿ. ಹೊರಗೆ 43 ಡಿಗ್ರಿ. ಇಂಥ ಹೊತ್ತಿನಲ್ಲಿ ಯಾರಾದರೂ ಸಮುದ್ರ ಅಂದರೆ ಮನುಷ್ಯ ಎಂಥದಕ್ಕೂ ಹೂಂ ಅಂದುಬಿಡುತ್ತಾನೆ. ನಾನೂ ಅಂದೆ. ಆ ಸಂಭ್ರಮದಲ್ಲಿ ಬಕೆಟ್ಟಿನ ನೀರು ಕೂಲರಿಗೆ ಬೀಳದೆ ನನ್ನ ಕಾಲ ಮೇಲೆ ಬಿತ್ತು.

ವಿಷಯ ಇಷ್ಟೇ. ಅಕ್ಕ-ಭಾವನ ಮದುವೆಗೆ ನಲವತ್ತು ವರ್ಷ ತುಂಬುತ್ತದೆ. ಮಗ ಬರುವ ಚಳಿಗಾಲಕ್ಕೆ ಇಡೀ ಬಳಗವನ್ನು ಹಡಗು ಹತ್ತಿಸುತ್ತೇನೆ ಅಂತ ಹಟ ಹಿಡಿದಿದ್ದಾನೆ. ರಾಯಲ್ ಕೆರಿಬಿಯನ್ ಕಂಪನಿಯ ವಿಹಾರದ ಹಡಗು, ಹೆಸರು ಐಕಾನ್ ಆಫ್ ದಿ ಸೀಸ್. ಫಿನ್ಲೆಂಡಿನ ಟುರ್ಕುವಿನಲ್ಲಿ ಕಟ್ಟಿದ್ದು. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಸಲ ಜನರನ್ನು ಹತ್ತಿಸಿಕೊಂಡು ಹೊರಟಿತು. ಹೆಸರಿಡುವ ಕಾರ್ಯಕ್ಕೆ ಫುಟ್ಬಾಲಿನ ಮೆಸ್ಸಿ ಬಂದಿದ್ದ. ಇದೊಂದು ಸುದ್ದಿಗೇ ನನ್ನ ಮಗ ಬ್ಯಾಗು ಕಟ್ಟಲು ಶುರು ಮಾಡಿದ. ವೀಸಾ ಅಂತ ಒಂದು ಇದೆ, ಅದಕ್ಕೆ ಹೈದರಾಬಾದಿಗೆ ಹೋಗಿ ಕೈಕಟ್ಟಿ ನಿಲ್ಲಬೇಕು ಅಂತ ಹೇಳಿದರೆ ಯಾರೂ ಕೇಳಲಿಲ್ಲ. ಮೊದಲು ಖೋಲಿ, ಆಮೇಲೆ ವೀಸಾ.

ಈಗ ತೊಂದರೆ ನೋಡಿ. ನಮ್ಮ ಮನೆಯಲ್ಲಿ ಸೀರೆಯ ಫಾಲ್‌ಗೆ ಬಣ್ಣ ಹೊಂದಿಸಲು ಸೂಪರ್ ಮಾರ್ಕೆಟಿಗೆ ಮೂರು ಸಲ ಹೋಗಿ ಬರುತ್ತೇವೆ. ಆ ಹಡಗಿನಲ್ಲಿ ಖೋಲಿಗಳು 2,805.

ಸಂಜೆ ಸಭೆ ಸೇರಿತು. ನಾನು, ಹೆಂಡತಿ, ಮಗ, ಇಂಜಿನಿಯರಿಂಗ್ ಓದುವ ಮಗಳು, ಹೊರಸಿನ ಮೇಲೆ ಅವ್ವ. ಕರೆಯದೇ ಬಂದವರು ಕಾಳಿನ ಪೇಟೆ ಗಂಜ್‌ನಲ್ಲಿ ಅಡತ ನಡೆಸುವ ಕಾಕಾ. ತೊಗರಿ ವ್ಯಾಪಾರದವರಿಗೆ ಯಾವ ವಸ್ತು ಕಂಡರೂ ಮೊದಲು ತೂಕ ಕೇಳುವ ಚಟ.

"ತೂಕೆಷ್ಟು ಹಡಗಂದು?"

"2,48,663 ಗ್ರಾಸ್ ಟನ್" ಅಂದಳು ಮಗಳು.

ಕಾಕಾ ಕಣ್ಣು ಮುಚ್ಚಿ ಬೆರಳು ಎಣಿಸಿದರು. "ಅಂದ್ರ ಹತ್ತಿರ ಹತ್ತಿರ 25 ಲಕ್ಷ ಕ್ವಿಂಟಲ್ ತೊಗರಿ! ಇಡೀ ಗಂಜ್ ಖಾಲಿ ಮಾಡಿದ್ರೂ ಸಾಲಂಗಿಲ್ಲ."

"ಕಾಕಾ, ಅದು ತೂಕ ಅಲ್ರಿ. ಹಡಗಿನ ಒಳಗ ಎಷ್ಟು ಜಾಗ ಅದ ಅಂತ ಅಳಿಯೋ ಲೆಕ್ಕ. ಹೆಸರಷ್ಟೇ ಟನ್."

ಕಾಕಾ ಬಹಳ ಹೊತ್ತು ಅವಳನ್ನೇ ನೋಡಿದರು. "ಜಾಗಾಕ್ಕ ಟನ್ ಅಂತಾರಾ? ಹಂಗಂದ್ರ ಹಮಾಲಿ ಎದರ ಮ್ಯಾಲ ಕೊಡ್ತಾರ?" ಅಲ್ಲಿಂದ ಮುಂದೆ ಆ ಹಡಗಿನ ಮೇಲೆ ಅವರಿಗೆ ವಿಶ್ವಾಸವೇ ಹೊರಟುಹೋಯಿತು.

ಅವ್ವನಿಗೆ ಉದ್ದ ತಿಳಿಸುವುದು ಇನ್ನೂ ಕಷ್ಟವಾಯಿತು. 365 ಮೀಟರ್ ಅಂದರೆ ಅವಳಿಗೇನು ಅರ್ಥ? ನಮ್ಮ ಕೋಟೆಯ ಮೇಲಿರುವ ಬಾರಾ ಗಜಿ ತೋಪು ನೆನಪಾಯಿತು. ಅದರ ಉದ್ದ 29 ಅಡಿ. "ಅವ್ವಾ, ಅಂಥ ತೋಪು ಒಂದರ ಹಿಂದ ಒಂದು 41 ಇಟ್ರ ಎಷ್ಟಾಗ್ತದ, ಅಷ್ಟುದ್ದ" ಅಂದೆ. ಹೋಲಿಕೆ ಚೆನ್ನಾಗಿದೆ ಅಂತ ನನಗೇ ಖುಷಿಯಾಗಿತ್ತು.

"ಅಷ್ಟ್ ತೋಪ್ ತಗೊಂಡು ಎಲ್ಲಿಗಿ ಹೊಂಟಾರೋ ಯಪ್ಪಾ? ದಂಡು ಹೋಗಲಕತ್ತಾದೇನು?"

ಬಿಟ್ಟೆ.

ಖೋಲಿಗಳ ವಿಷಯಕ್ಕೆ ಬಂದಾಗ ರೈಲಿನ ಭಾಷೆಯಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ ಅಂದುಕೊಂಡೆ. ಕಿಟಕಿಯೇ ಇಲ್ಲದ ಒಳಗಿನ ಖೋಲಿ ಅಗ್ಗ. ಅದು ಸೈಡ್ ಅಪ್ಪರ್ ಇದ್ದ ಹಾಗೆ. ಕಿಟಕಿ ಇರುವುದು ಲೋವರ್ ಬರ್ತ್. ಬಾಲ್ಕನಿ ಇರುವುದು ಸೆಕೆಂಡ್ ಎಸಿ. ಸೂಟ್ ಅಂದರೆ ಫಸ್ಟ್ ಎಸಿ, ಹತ್ತುವುದೇ ಬೇರೆ ಬಾಗಿಲಿನಿಂದ ಎಂಬಂಥ ಮರ್ಯಾದೆ. ಒಳಗಿನ ಖೋಲಿ ನೂರೈವತ್ತು ಚದರ ಅಡಿಗೆ ಸ್ವಲ್ಪ ಜಾಸ್ತಿ. ಬಾಲ್ಕನಿಯದು ಸುಮಾರು 200, ಮೇಲೆ ಬಾಲ್ಕನಿಯದೇ 50.

"ಕಿಟಕಿ ಇಲ್ಲದ ಖೋಲಿ ಅಂದ್ರ ನಮ್ಮ ಕಾಳಿನ ಖೋಲಿ ಆಯ್ತಲ್ರಿ" ಅಂದಳು ಹೆಂಡತಿ. "ಜ್ವಾಳದ ಚೀಲದ ಗತೆ ಬಿದ್ಕೊಳ್ಳಾಕ ಅಷ್ಟು ದೂರ ಯಾಕ ಹೋಗಬೇಕು? ನನಗ ಬಾಲ್ಕನಿನೇ ಬೇಕು."

ಬಾಲ್ಕನಿಯಲ್ಲೂ ಜಾತಿಗಳಿವೆ ಅಂತ ಆಗ ಗೊತ್ತಾಯಿತು. ಹಡಗಿನ ನಡುವೆ ಸೆಂಟ್ರಲ್ ಪಾರ್ಕ್ ಅಂತ ಮೇಲೆ ಆಕಾಶ ಕಾಣುವ ತೋಟ ಮಾಡಿದ್ದಾರೆ. ನಿಜವಾದ ಗಿಡಗಳು, ಪ್ಲಾಸ್ಟಿಕ್ಕಿನವಲ್ಲ. ಕೆಲವು ಬಾಲ್ಕನಿಗಳು ಸಮುದ್ರಕ್ಕೆ ಬೆನ್ನು ಹಾಕಿ ಈ ತೋಟದ ಕಡೆ ಮುಖ ಮಾಡಿವೆ. ಕೆಳಗೆ ಓಡಾಡುವ ಜನ, ಎದುರಿಗೆ ಇನ್ನೊಬ್ಬರ ಬಾಲ್ಕನಿ.

"ಅಂದ್ರ ನಾ ಹೊರಗ ಬಂದು ನಿಂತ್ರ ಎದುರು ಮನಿಯಾಕಿ ಕಾಣ್ತಾಳ?"

"ಹೌದು."

"ಆಕಿ ಈಗೂ ಕಾಣಲಕತ್ತಾಳಲ್ರಿ!" ಅಂತ ಬೀದಿಯ ಕಡೆ ಕೈ ತೋರಿಸಿದಳು. ನಮ್ಮ ಎದುರು ಮನೆಯಾಕೆ ಅಕ್ಕಿ ಹಸನು ಮಾಡುತ್ತಾ ನಮ್ಮ ಸಭೆಯನ್ನೇ ಕೇಳಿಸಿಕೊಳ್ಳುತ್ತಿದ್ದಳು.

ಇನ್ನೊಂದು ಬಗೆಯದಕ್ಕೆ ಇನ್‌ಫಿನಿಟ್ ಬಾಲ್ಕನಿ ಅಂತ ದೊಡ್ಡ ಹೆಸರು. ಬಟನ್ ಒತ್ತಿದರೆ ಗೋಡೆಯಗಲದ ಗಾಜಿನ ಮೇಲ್ಭಾಗ ಕೆಳಗಿಳಿದು ಖೋಲಿಯೇ ಬಾಲ್ಕನಿ ಆಗುತ್ತದೆ. ಮಗ ಬಾಯಿ ಬಿಟ್ಟು ನೋಡಿದ. ನನಗೇನೂ ಅನಿಸಲಿಲ್ಲ. ನಾನು ದಿನಾ ಓಡಾಡುವ ಬಸ್ಸಿನ ಗಾಜು ಯಾವ ಬಟನ್ನೂ ಇಲ್ಲದೆ ತಾನೇ ಕೆಳಗಿಳಿಯುತ್ತದೆ, ಅದೂ ಮಳೆ ಬಂದಾಗ. ಇದೇ ಕಂಪನಿಯ ಬೇರೆ ಕೆಲವು ಹಡಗುಗಳಲ್ಲಿ ಕಿಟಕಿ ಇಲ್ಲದ ಖೋಲಿಯ ಗೋಡೆಗೆ ಉದ್ದನೆಯ ಪರದೆ ಹಾಕಿ ಹೊರಗಿನ ಸಮುದ್ರವನ್ನು ಅದರಲ್ಲೇ ತೋರಿಸುತ್ತಾರೆ. ಇದನ್ನು ಕೇಳಿ ಕಾಕಾ, "ಟಿವಿದಾಗ ಸಮುದ್ರ ನೋಡಾಕ ಹಡಗ್ಯಾಕ ಬೇಕು, ಕರೆಂಟಿದ್ರ ಸಾಕಲ್ಲ" ಅಂದರು. ಕರೆಂಟು ಅಂದದ್ದೇ ತಡ, ಹೋಯಿತು.

ಕತ್ತಲಲ್ಲಿ ಮಗ ಮೊಬೈಲ್ ಹಿಡಿದು ಮೂರಂತಸ್ತಿನ ಖೋಲಿಯನ್ನು ತೋರಿಸಿದ. ಖೋಲಿ ಅನ್ನುವುದೇ ತಪ್ಪು, ಅದು ಮನೆ. ಮೇಲಿಂದ ಕೆಳಗೆ ಬರಲು ಒಳಗೇ ಜಾರುಬಂಡಿ. ಸಿನಿಮಾ ನೋಡುವ ಜಾಗ. ಅಂಗಳಕ್ಕೆ ಬಿಳಿ ಬೇಲಿ, ಬೇಲಿಗೊಂದು ಅಂಚೆ ಡಬ್ಬಿ. ಸಮುದ್ರದ ನಡುವೆ ಯಾವ ಪೋಸ್ಟ್‌ಮ್ಯಾನ್ ಬರುತ್ತಾನೋ! ಬಾಡಿಗೆ ನೋಡಿದ ಮೇಲೆ ಮಗಳು ಮೊಬೈಲಿನ ಬೆಳಕು ಕಡಿಮೆ ಮಾಡಿದಳು. ಅಕ್ಕನ ಮಗ ಚಿಂತೆ ಬೇಡ ಅಂದಿದ್ದು ಇಂಥದಕ್ಕಲ್ಲ ಅಂತ ನಮಗೂ ತಿಳಿಯುತ್ತದೆ.

ನನ್ನ ಚಿಂತೆ ಬೇರೆಯೇ ಇತ್ತು. ಸೇಡಂಗೆ ಹೋಗುವಾಗ ಬಸ್ಸಿನ ಹಿಂದಿನ ಸೀಟು ಸಿಕ್ಕರೆ ನನಗೆ ಮಳಖೇಡ ಬರುವುದರೊಳಗೆ ವಾಂತಿ ಖಾತ್ರಿ. ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡೇ ಓಡಾಡುವ ಮನುಷ್ಯ ನಾನು. ಓದಿ ನೋಡಿದರೆ ಹಡಗಿನದೂ ಅದೇ ನ್ಯಾಯ. ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಮಧ್ಯ ಇದ್ದರೆ ಅಲುಗಾಟ ಕಡಿಮೆ. ಮುಂದೆ, ಹಿಂದೆ, ಮೇಲೆ ಹೋದಷ್ಟೂ ಜಾಸ್ತಿ. ಆದರೆ ನೋಟ ಚೆನ್ನಾಗಿರುವುದೂ ಮೇಲೆಯೇ. ಹೆಂಡತಿಗೆ ನೋಟ ಬೇಕು, ನನಗೆ ಹೊಟ್ಟೆ ಉಳಿಯಬೇಕು. ಈಜುಕೊಳದ ಕೆಳಗಿನ ಖೋಲಿ ಬೇಡ, ಬೆಳಗ್ಗೆಯಿಂದ ಕುರ್ಚಿ ಎಳೆಯುವ ಸದ್ದು ಅಂತ ಹೋಗಿಬಂದವರು ಹೇಳುತ್ತಾರೆ. ಆ ಹಡಗಿನಲ್ಲಿ ಕೊಳಗಳೇ ಏಳು. ಮಂಗಲ ಕಾರ್ಯಾಲಯದ ಪಕ್ಕ ಹದಿನೈದು ವರ್ಷ ಬಾಳಿದವರು ನಾವು. ಅದೊಂದು ಭಯ ಮಾತ್ರ ನಮಗಿಲ್ಲ.

ಸೌಲತ್ತುಗಳ ಪಟ್ಟಿ ಓದುವಾಗ ಎರಡು ಕಡೆ ಸಭೆ ನಿಂತಿತು. ಮೊದಲನೆಯದು ಚಹಾ. ನೀರು ಕಾಯಿಸುವ ಕೆಟಲ್, ಇಸ್ತ್ರಿ ಪೆಟ್ಟಿಗೆ ಒಯ್ಯುವಂತಿಲ್ಲ, ಬೆಂಕಿಯ ಭಯ ಅಂತ ಮಗಳು ಓದಿದಳು. ತಿನ್ನಲು, ಕುಡಿಯಲು ನಲವತ್ತಕ್ಕೂ ಹೆಚ್ಚು ಜಾಗಗಳಿವೆ ಅಂತಲೂ ಓದಿದಳು. ಹೆಂಡತಿಗೆ ಎರಡನೆಯದು ಕೇಳಿಸಲೇ ಇಲ್ಲ. "ಮುಂಜಾನೆ ಐದಕ್ಕ ಎದ್ದು ನಾ ಸೀರಿ ಉಟ್ಟು, ಲಿಫ್ಟ್ ಹತ್ತಿ, ಊರ ಮಂದಿ ಮುಂದ ಚಾ ಕುಡೀಬೇಕಾ?"

ಎರಡನೆಯದು ನೀರು. ಆ ಹಡಗು ತನಗೆ ಬೇಕಾದ ಸಿಹಿನೀರಿನಲ್ಲಿ ಹೆಚ್ಚಿನ ಪಾಲನ್ನು ಸಮುದ್ರದ ನೀರಿನಿಂದಲೇ ಮಾಡಿಕೊಳ್ಳುತ್ತದೆ. ನಮ್ಮ ಮನೆಯ ಫಿಲ್ಟರಿನ ಹಾಗೇ ಆರ್‌ಒ, ಗಾತ್ರ ಮಾತ್ರ ಬೇರೆ. ಹಡಗು ತುಂಬಿದರೆ 7,600 ಪ್ರಯಾಣಿಕರು, ಮೇಲೆ 2,350 ಸಿಬ್ಬಂದಿ. ಎಲ್ಲರಿಗೂ ಸ್ನಾನಕ್ಕೆ, ಅಡುಗೆಗೆ ನೀರು, ಇಪ್ಪತ್ನಾಲ್ಕು ತಾಸು. ಯಾರೂ ಮಾತಾಡಲಿಲ್ಲ. ನಮ್ಮ ಓಣಿಗೆ ನಳ ಬರುವುದು ಐದು ದಿನಕ್ಕೊಮ್ಮೆ, ಅದೂ ಕಳ್ಳನ ಹಾಗೆ ನಡುರಾತ್ರಿ. ಕಾಕಾ ಒಬ್ಬರೇ ಮೆಲ್ಲಗೆ ಕೇಳಿದರು: "ಅಲ್ಲೇ ಇದ್ದುಬಿಟ್ರ ಹ್ಯಾಂಗ?"

ಮೂರು ದಿನ ಹೀಗೇ ಹೋಯಿತು. ಬಾಲ್ಕನಿಯೋ, ಬಿಡಬೇಕೋ? ಕೊನೆಗೆ ಮಗಳೇ ದಾರಿ ಹುಡುಕಿದಳು. "ಮಾಳಿಗಿ ಮ್ಯಾಲ ಗೆರಿ ಹಾಕಿ ಮಲಗಿ ನೋಡಾಮು." ಬೇಸಿಗೆಗೆ ಹೇಗೂ ಮಾಳಿಗೆ ಮೇಲೆಯೇ ಮಲಗುವವರು ನಾವು.

ಇಂಜಿನಿಯರಿಂಗಿಗೆ ಕಟ್ಟಿದ ಫೀಸು ಅಂದು ಕಣ್ಣಾರೆ ಕಂಡೆ. ಹಡಗಿನ ಖೋಲಿ ಚೌಕವಾಗಿರುವುದಿಲ್ಲ, ಅಂಗಡಿ ಮಳಿಗೆಯ ಹಾಗೆ ಉದ್ದಕ್ಕಿರುತ್ತದೆ ಅಂತ ಹೇಳಿ ಟೇಪು ಹಿಡಿದು 9 ಅಡಿ, 17 ಅಡಿ ಅಳೆದಳು. ರಂಗೋಲಿ ಪುಡಿಯಲ್ಲಿ ಗೋಡೆ ಎಳೆದಳು. ಬಾಗಿಲಿಗೆ ಮೂರಡಿ ಬಿಟ್ಟಳು. ಬಚ್ಚಲಿಗೆ ಎರಡು ಪ್ಲಾಸ್ಟಿಕ್ ಕುರ್ಚಿ, ಕಪಾಟಿಗೆ ಒಂದು ಜೋಳದ ಚೀಲ, ಸೋಫಾಕ್ಕೆ ಸುತ್ತಿಟ್ಟ ಗಾದಿ. ಟ್ಯಾಂಕಿನ ಕಡೆಯ ಗೋಡೆಯಾಚೆ ಐದಡಿ ಸೇರಿಸಿ ಬಾಲ್ಕನಿ. ಹೆಂಡತಿಗೆ ಬೇಕಾದಂತೆ.

ನಿಯಮ ಒಂದೇ, ಬಾಗಿಲಿನಿಂದಲೇ ಓಡಾಡಬೇಕು. ಅವ್ವ ಮೊದಲ ಐದು ನಿಮಿಷದಲ್ಲೇ ತಪ್ಪಿದಳು.

"ಆಯೀ, ಗ್ವಾಡಿ ಒಳಗಿಂದ ಬಂದಿ ನೋಡು!"

"ಗ್ವಾಡಿ ಎಲ್ಲದ ಬೇ? ನನಗೇನ್ ಹುಚ್ಚಾ, ನಿನಗಾ?" ಅಂದು ಅವ್ವ ಸೆರಗಿನಿಂದ ಒಂದಡಿ ಗೋಡೆ ಒರೆಸಿ ತನ್ನ ಹೊರಸಿನ ಮೇಲೆ ಹೋಗಿ ಮಲಗಿದಳು. ಹೊರಸು ಹಡಗಿನ ಹೊರಗಿತ್ತು. ಅವಳನ್ನು ಬಂದರಿನಲ್ಲೇ ಬಿಟ್ಟೆವು.

ಒಂದು ಖೋಲಿಯಲ್ಲಿ ನಾಲ್ವರು ಮಲಗಿದೆವು. ಮಗನ ಕಾಲು ಕಪಾಟಿನೊಳಗೆ ಹೋಯಿತು. ನಾನು ಹೊರಳಿದರೆ ಬಚ್ಚಲು ಬೀಳುತ್ತಿತ್ತು. ಹೆಂಡತಿ ಮಾತ್ರ ಗಾದಿ ಎಳೆದುಕೊಂಡು ಬಾಲ್ಕನಿಗೆ ಹೋಗಿ, ಕಪ್ಪು ಟ್ಯಾಂಕಿನ ಕಡೆ ಮುಖ ಮಾಡಿ, "ತಂಪಗದ ರೀ ಇಲ್ಲಿ, ನಾ ಹೇಳಿದ್ದೆ ಇಲ್ಲ?" ಅಂದಳು.

ರಾತ್ರಿ ಎರಡಕ್ಕೆ ನಳ ಬಂತು. ಕೆಳಗೆ ಪೈಪಿನಲ್ಲಿ ಗಾಳಿ ಕೆಮ್ಮಿದ ಸದ್ದಿಗೆ ನನಗೆ ಎಚ್ಚರವಾಯಿತು. ಬಾಗಿಲಿನಿಂದಲೇ ಹೊರಗೆ ಹೋದೆ, ನಿಯಮ ನಿಯಮವೇ ಅಲ್ವಾ. ಮೋಟಾರ್ ಹಾಕಿ ಮೇಲೆ ಬಂದೆ. ಟ್ಯಾಂಕು ತುಂಬಲು ನಲವತ್ತು ನಿಮಿಷ ಬೇಕು. ಅಲ್ಲಿವರೆಗೆ ಸುಮ್ನೆ ಒಂದು ಕಣ್ಣು ಮುಚ್ಚೋಣ ಅಂತ ಒರಗಿದೆ. ಎರಡೂ ಮುಚ್ಚಿದವು.

ಮತ್ತೆ ಎಚ್ಚರವಾದದ್ದು ಬಾಲ್ಕನಿಯಿಂದ ಬಂದ ಕಿರುಚಾಟಕ್ಕೆ. ಟ್ಯಾಂಕಿನ ಮುಚ್ಚಳ ಸರಿಸಿಕೊಂಡು ನೀರು ನೇರ ಹೆಂಡತಿಯ ಮೇಲೆ ಬೀಳುತ್ತಿತ್ತು. ಮಾಳಿಗೆಯ ನೀರು ಹೋಗುವ ತೂತಿಗೆ ಸೋಫಾ ಅಡ್ಡ ಬಂದಿತ್ತು. ನೋಡುತ್ತಿದ್ದಂತೆಯೇ ಗೋಡೆಗಳು ಕರಗಿ ಬೆಳ್ಳಗೆ ಹರಿದುಹೋದವು. ಜೋಳದ ಚೀಲ ತೊಯ್ದು ಕುಂತಿತು. ಬಚ್ಚಲಿನ ಒಂದು ಕುರ್ಚಿ ಮೆಲ್ಲಗೆ ತೇಲುತ್ತಾ ಅವ್ವನ ಹೊರಸಿನ ಕಡೆ ಹೊರಟಿತ್ತು. ನಾನು ಮೋಟಾರ್ ಬಂದ್ ಮಾಡಲು ಓಡಿದೆ, ಈ ಸಲ ಗೋಡೆಯೊಳಗಿಂದಲೇ. ಎದುರು ಮನೆಯಾಕೆ ಕಿಟಕಿ ತೆರೆದು, "ಏನ್ರೀ, ನಳ ಬಂದ್ರ ನಮಗೊಂದು ಮಾತು ಹೇಳಬಾರದೇನ್ರಿ?" ಅಂತ ಕೂಗಿದರು. ಐದು ನಿಮಿಷದಲ್ಲಿ ಇಡೀ ಓಣಿಯ ಮೋಟಾರುಗಳು ಶುರುವಾದವು.

ಅದೇ ಹೊತ್ತಿಗೆ ವಿಡಿಯೋ ಕಾಲ್ ಬಂತು. ಡಲ್ಲಾಸಿನಲ್ಲಿ ಸಂಜೆ. "ಮಾಮಾ, ನಿದ್ದಿ ಕೆಡಿಸಿದ್ನಾ? ರೇಟ್ ಏರಲಕತ್ತದ, ಈಗೇ ಬುಕ್ ಮಾಡಬೇಕು. ಬಾಲ್ಕನಿ ಮಾಡ್ಲೇನ್ರಿ? ಸಮುದ್ರ ಎದುರಿಗೇ ಇರ್ತದ... ಅತ್ತೀ, ನೀವ್ಯಾಕ ತೊಯ್ದೀರಿ?"

ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ತುರುಬಿನಿಂದ ನೀರು ಪರದೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ನೀರು ಕಾಣದಂಥ ಖೋಲಿ ಯಾವುದದ ಅದು ಮಾಡಪ್ಪ" ಅಂದಳು. ಆಮೇಲೆ ಸ್ವಲ್ಪ ತಡೆದು, "ಮತ್ತ ನಿಮ್ಮ ಮಾಮಾಗ ಬ್ಯಾರೆ ಖೋಲಿ ನೋಡು."

ಹೊರಸಿನ ಮೇಲೆ ಒಂದು ಹನಿಯೂ ತಾಗದೆ ಕುಳಿತಿದ್ದ ಅವ್ವ, ತನ್ನ ಹತ್ತಿರ ತೇಲಿ ಬಂದ ಕುರ್ಚಿಯನ್ನು ಕಾಲಿನಿಂದ ಮೆಲ್ಲಗೆ ನಮ್ಮ ಕಡೆಗೆ ವಾಪಸ್ ತಳ್ಳಿದಳು.