ರಾಗ ಎಕರ್ಟ್‌ದಲ್ಲ, ಸ್ವರಮೇಳ ಮಾತ್ರ

ಫ್ರಾಂಜ್ ಎಕರ್ಟ್ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ "ಜಪಾನಿನ ರಾಷ್ಟ್ರಗೀತೆಗೆ ರಾಗ ಹಾಕಿದ್ದು ಜರ್ಮನಿಯ ಫ್ರಾಂಜ್ ಎಕರ್ಟ್" ಅನ್ನೋ ಮಾತು ಒಪ್ಪೋದು ಕಷ್ಟ. 'ಕಿಮಿಗಾಯೊ' ಅನ್ನೋ ಆ ಗೀತೆಯ ರಾಗ ಹುಟ್ಟಿದ್ದು ಅಲ್ಲಿನ ಆಸ್ಥಾನ ಸಂಗೀತಗಾರರ ಕೈಯಲ್ಲಿ. 1879ರಲ್ಲಿ ಜಪಾನಿಗೆ ಬಂದು ಅಲ್ಲಿನ ನೌಕಾಪಡೆಯ ಬ್ಯಾಂಡಿಗೆ ಕಲಿಸುತ್ತಿದ್ದ ಎಕರ್ಟ್ ಮರುವರ್ಷ ಅದಕ್ಕೆ ಪಾಶ್ಚಾತ್ಯ ಸ್ವರಮೇಳ (ಹಾರ್ಮನಿ, ಅಂದರೆ ರಾಗದ ಜೊತೆಗೇ ನುಡಿಯುವ ಬೇರೆ ಸ್ವರಗಳು) ಕೂಡಿಸಿ ಬ್ಯಾಂಡಿಗೆ ಹೊಂದಿಸಿದರು, ಅಷ್ಟೇ.

ಅಷ್ಟೇ ಅಂದೆ, ಆದರೆ ಅದು ಸಣ್ಣ ಕೆಲಸ ಅಲ್ಲ. ಕಾಲೇಜು ಬ್ಯಾಂಡಿನಲ್ಲಿ ನಾಲ್ಕು ವರ್ಷ ಕ್ಲಾರಿನೆಟ್ ಊದಿದವನು ನಾನು. ಮೊನ್ನೆ ಹೆಡ್‌ಫೋನ್ ಹಾಕಿ ಮತ್ತೆ ಕೇಳಿದೆ. ಮೊದಲ ಸಾಲಿನಲ್ಲಿ ಎಲ್ಲ ವಾದ್ಯಗಳೂ ಒಂದೇ ರಾಗವನ್ನು ಒಟ್ಟಿಗೆ ನುಡಿಸುತ್ತವೆ. ಆಮೇಲೆ ಮೆಲ್ಲಗೆ ಸ್ವರಮೇಳ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಮತ್ತೆ ಎಲ್ಲವೂ ಒಂದೇ ಸ್ವರಕ್ಕೆ ಬಂದು ನಿಲ್ಲುತ್ತವೆ. ಬೇರೆ ಬ್ಯಾಂಡ್ ಮಾಸ್ಟರ್ ಆಗಿದ್ದರೆ ಶುರುವಿನಿಂದಲೇ ಟ್ರಂಪೆಟ್, ಟ್ರೊಂಬೋನ್ ಎಲ್ಲ ಸೇರಿಸಿ ತುಂಬಿಬಿಡುತ್ತಿದ್ದ. ಇವರು ಸುಮ್ನೆ ಬಿಟ್ಟರು. ಎಲ್ಲಿ ಕೈ ಹಾಕಬಾರದು ಅಂತ ಗೊತ್ತಿತ್ತು ಅವರಿಗೆ.

ನೀವು ಒಂದೇ ಸಾಲಿನಲ್ಲಿ ಮುಗಿಸಿದ ಕೊರಿಯಾ ಭಾಗವೇ ನನಗೆ ಜಾಸ್ತಿ ಕಾಡುವುದು. 1901ರಲ್ಲಿ ಕೊರಿಯಾದ ರಾಜಧಾನಿ ಸೋಲ್‌ಗೆ ಹೋದ ಎಕರ್ಟ್, ಮರುವರ್ಷ ಕೊರಿಯಾ ಸಾಮ್ರಾಜ್ಯದ ಗೀತೆ ಸಿದ್ಧಪಡಿಸಿದರು. 1910ರಲ್ಲಿ ಜಪಾನ್ ಆ ದೇಶವನ್ನೇ ನುಂಗಿತು. ಆ ಗೀತೆಯ ಜಾಗಕ್ಕೆ ಬಂದದ್ದು ಯಾವುದು? ಅದೇ 'ಕಿಮಿಗಾಯೊ'! ಅವರದೇ ಒಂದು ಕೆಲಸ ಇನ್ನೊಂದರ ಬಾಯಿ ಮುಚ್ಚಿಸಿದ ಹಾಗಾಯಿತು, ಅಲ್ವಾ? ಅಷ್ಟಾದರೂ ಅವರು ಜರ್ಮನಿಗೆ ವಾಪಸ್ ಹೋಗಲಿಲ್ಲ. 1916ರಲ್ಲಿ ಸೋಲ್‌ನಲ್ಲೇ ತೀರಿಕೊಂಡರು. ಸಮಾಧಿ ಇವತ್ತಿಗೂ ಅಲ್ಲಿನ ಯಾಂಗ್‌ಹ್ವಾಜಿನ್‌ನ ವಿದೇಶಿಯರ ಸ್ಮಶಾನದಲ್ಲಿದೆ.